ಮೇಲಿನವರ ಊರಿಗೆ ಯಾವ ಬಸ್ಸು?

ಪ್ರಜಾಪ್ರಭುತ್ವದಲ್ಲಿ ಪ್ರಜೆಯೇ ಪ್ರಭು. ಅವನ ಅಭಿಪ್ರಾಯವೇ ಆಳ್ವಿಕೆಯ ಅಡಿಗಲ್ಲು. ಆದರೆ ಈ ಪ್ರಭುವನ್ನು ಮನೆಯಲ್ಲಿ ಹಿಡಿಯಬೇಕಾದರೆ ಬೆಳಗಿನ ಚಹಾ ಆರುವುದರೊಳಗೆ ಹೋಗಬೇಕು. ತಡವಾದರೆ ಪ್ರಭುಗಳು ಹೊಲದಲ್ಲಿರುತ್ತಾರೆ. ಆಳ್ವಿಕೆಯ ಬಗ್ಗೆ ಅಭಿಪ್ರಾಯವನ್ನು ಬಾಗಿಲಲ್ಲಿ ಕಟ್ಟಿದ ಎಮ್ಮೆಯಿಂದಲೇ ಪಡೆಯಬೇಕಾಗುತ್ತದೆ.

ಎಮ್ಮೆಗಳನ್ನು ಬಿಟ್ಟು ಉಳಿದವರ ಅಭಿಪ್ರಾಯವನ್ನು ನಾವು ಆ ಚಳಿಗಾಲವಿಡೀ ಕೇಳುತ್ತಿದ್ದೆವು. ನಾನು ಲಿಂಗಸುಗೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುವವನು. ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದು ನಮ್ಮ ಕಡೆಯ ನೀರಿನ ಆಡಳಿತದ ಮೇಲೆ ಅಧ್ಯಯನ ಕೈಗೊಂಡಿತ್ತು. ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದ ಹೊಣೆ ನನ್ನದು. ನನ್ನ ಜೊತೆ ಸಿಂಧನೂರಿನ ಒಬ್ಬ ಅತಿಥಿ ಉಪನ್ಯಾಸಕಿ ಇದ್ದರು. ಅತಿಥಿ ಎಂಬುದು ಸಂಬಳದ ಮಟ್ಟಿಗೆ ಮಾತ್ರ. ಕೆಲಸದಲ್ಲಿ ಆಕೆ ಮನೆಯ ಯಜಮಾನಿ.

ವಿಷಯ ಇಷ್ಟು. ಬೇಸಿಗೆಗೆ ಕಾಲುವೆ ಬಂದ್ ಮಾಡುವ ಮೊದಲು, ಅದರ ಸಾಲಿನ ಊರುಗಳ ಕುಡಿಯುವ ನೀರಿನ ಕೆರೆಗಳನ್ನು ತುಂಬಿಸಿಕೊಳ್ಳಬೇಕು. ತುಂಬದಿದ್ದರೆ ಮಳೆ ಬರುವ ತನಕ ಕೊಡ ಹಿಡಿದು ಟ್ಯಾಂಕರಿನ ದಾರಿ ನೋಡಬೇಕು. ಯಾವ ಊರಿನ ಕೆರೆ ಮೊದಲು, ಯಾವುದು ಆಮೇಲೆ ಎಂಬ ಸರದಿಯನ್ನು ಅಧಿಕಾರಿಗಳು ಗೊತ್ತುಮಾಡುತ್ತಿದ್ದರು. ಈ ಅಧಿಕಾರವನ್ನು ಅವರಿಂದ ತೆಗೆದು, ಕಾಲುವೆಯ ನೀರು ಬಳಸುವ ರೈತರ ಸಂಘಕ್ಕೇ ಒಪ್ಪಿಸಿಬಿಡಬೇಕೇ ಎಂಬುದು ಜಿಲ್ಲಾ ಸಮಿತಿಯ ಮುಂದಿದ್ದ ಪ್ರಶ್ನೆ. ಸಮಿತಿ ನಮ್ಮ ವರದಿಗೆ ಕಾದಿತ್ತು. ಒಂದು ಸಮಿತಿ ರಾಜ್ಯಶಾಸ್ತ್ರಕ್ಕಾಗಿ ಕಾಯುವುದನ್ನು ನಾನು ನನ್ನ ಜೀವಮಾನದಲ್ಲಿ ಕಂಡದ್ದು ಅದೇ ಮೊದಲು. ಆ ಸಂಭ್ರಮದಲ್ಲಿ ಹೊಸ ಕನ್ನಡಕ ಮಾಡಿಸಿಕೊಂಡೆ.

ಕೆಲಸದ ಕ್ರಮ ಹೀಗಿತ್ತು. ಮೂರು ಬಗೆಯ ಊರುಗಳನ್ನು ಆರಿಸಿಕೊಂಡೆವು: ಕಾಲುವೆ ನೀರಿನ ಊರುಗಳು, ಸಂತೆಕಲ್ಲೂರಿನಂಥ ಜೋಳ ತೊಗರಿಯ ಒಣಭೂಮಿಯ ಊರುಗಳು, ಮತ್ತು ಹೋಲಿಕೆಗೆಂದು ಲಿಂಗಸುಗೂರು ಪೇಟೆ. ಮತದಾರರ ಪಟ್ಟಿಯಿಂದ ಒಂದೇ ಅಂತರ ಬಿಟ್ಟು ಹೆಸರುಗಳನ್ನು ಎತ್ತಿದೆವು. ಎತ್ತಿದ ಹೆಸರಿನವರು ಸಿಗಲಿಲ್ಲವೆಂದು ಪಕ್ಕದ ಮನೆಯವರನ್ನು ಕೂರಿಸಿಕೊಳ್ಳುವಂತಿಲ್ಲ. ಪಕ್ಕದ ಮನೆಯವರು ಎಷ್ಟೇ ಉತ್ಸಾಹದಿಂದ ಇದ್ದರೂ ಇಲ್ಲ. ಅವರು ಯಾವಾಗಲೂ ಉತ್ಸಾಹದಿಂದಲೇ ಇರುತ್ತಾರೆ. ಪ್ರಶ್ನೆಗಳಲ್ಲಿ ಹೆಚ್ಚಿನವು ಹೌದು, ಇಲ್ಲ ಎಂಬಷ್ಟಕ್ಕೆ ಮುಗಿಯುವಂಥವು. ಒಂದನ್ನು ಮಾತ್ರ ಬಯಲಾಗಿ ಬಿಟ್ಟಿದ್ದೆವು: "ನಿಮ್ಮ ಊರಿಗೆ ಕುಡಿಯುವ ನೀರು ಬರುವುದು, ಬಿಡುವುದು ಯಾರ ಕೈಯಲ್ಲಿದೆ?" ಜನ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡು, ಆಮೇಲೆ ಒಂದೊಂದು ಬಗೆಯ ಉತ್ತರಕ್ಕೂ ಒಂದೊಂದು ಸಂಕೇತ ಕೊಡಬೇಕು. ಒಂದು ಎಂದರೆ ಪಂಚಾಯಿತಿ, ಎರಡು ಎಂದರೆ ಶಾಸಕರು, ಮೂರು ಎಂದರೆ ತೂಬು ಎತ್ತಿಳಿಸುವ ನೀರಗಂಟಿ, ನಾಲ್ಕು ಎಂದರೆ ಮೇಲಧಿಕಾರಿಗಳು.

ನೀರಾವರಿಯ ಊರಾಗಲಿ, ಒಣಭೂಮಿಯ ಊರಾಗಲಿ, ಪೇಟೆಯಾಗಲಿ, ಜನ ಮಾತಾಡಿಕೊಂಡು ಹೇಳಿದಂತೆ ಒಂದೇ ಉತ್ತರ ಹೇಳಿದರು.

"ಮ್ಯಾಲಿನವ್ರ ಕೈಯಾಗ ಐತ್ರಿ."

ಬೆಂಗಳೂರಿನಲ್ಲಿದ್ದ ಯೋಜನೆಯ ಮುಖ್ಯಸ್ಥರು ಮನೆಯಲ್ಲೂ ಕೋಷ್ಟಕ ಹಾಕಿಯೇ ಕಾಯಿಪಲ್ಯ ತರುವಷ್ಟು ಶಿಸ್ತಿನವರು. ಅವರು ಫೋನ್ ಮಾಡಿ ಕೇಳಿದರು: "ಮೇಲಿನವರು ಅಂದ್ರೆ ಮೇಲಧಿಕಾರಿಗಳು ಅಂತ ತಾನೇ ಸಾರ್? ಸಂಕೇತ ನಾಲ್ಕು ಕೊಟ್ಬಿಡ್ಲಾ?"

ನನಗೆ ನಗು ಬಂತು. ನಾನು ಲಿಂಗಸುಗೂರಿನವನು, ತಾಲ್ಲೂಕು ಕಚೇರಿಯ ಮಗ್ಗುಲಲ್ಲಿ ಬೆಳೆದವನು. ನಮ್ಮ ಓಣಿಯಲ್ಲಿ ಮೇಲಿನವರು ಎಂದರೆ ಜೀಪಿನಿಂದ ಇಳಿಯುವವರು. "ಕೊಡಿ" ಎಂದೆ.

ಕೊಟ್ಟರು. ಕೋಷ್ಟಕದಲ್ಲಿ ಸಂಕೇತ ನಾಲ್ಕು ಗುಡ್ಡದ ಹಾಗೆ ಎದ್ದು ನಿಂತಿತು. ಕರಡು ವರದಿ ತಾನೇ ತಾನಾಗಿ ಬರೆದುಕೊಂಡಿತು ಎನ್ನಬೇಕು: ಜನ ದೂರದ ಅಧಿಕಾರಿಗಳ ಹಿಡಿತದಿಂದ ಬೇಸತ್ತಿದ್ದಾರೆ, ಆದ್ದರಿಂದ ಕೆರೆ ತುಂಬಿಸುವ ಸರದಿಯ ತೀರ್ಮಾನವನ್ನು ನೀರು ಬಳಕೆದಾರರ ಸಂಘಕ್ಕೆ ವರ್ಗಾಯಿಸತಕ್ಕದ್ದು. ಅಧಿಕಾರ ಕೆಳಗೆ ಇಳಿದಷ್ಟೂ ಒಳ್ಳೆಯದು ಎಂದು ವರ್ಷಗಟ್ಟಲೆ ಪಾಠ ಹೇಳಿದ ನನಗೆ ಆ ಸಾಲು ಓದಿ ಎದೆ ಉಬ್ಬಿತು. ಉಪನ್ಯಾಸಕಿ ಮಾತ್ರ ಓದಿ, "ಭಾಳ ಚಂದ ಐತ್ರಿ ಸರ. ಇಷ್ಟು ಚಂದ ಇರಬಾರದಿತ್ತು" ಎಂದರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಇನ್ನೊಂದು ವಿಧಿ ಉಳಿದಿತ್ತು. ಸಮೀಕ್ಷೆ ಮುಗಿದ ಮೇಲೆ ಕೆಲವು ಮನೆಗಳಿಗೆ ಮತ್ತೆ ಹೋಗಿ, ನಮ್ಮವರು ನಿಜವಾಗಿ ಬಂದಿದ್ದರೇ ಅಥವಾ ಮರದ ನೆರಳಲ್ಲಿ ಕೂತು ತಾವೇ ತುಂಬಿಕೊಂಡರೇ ಎಂದು ನೋಡಬೇಕು. ಇದಕ್ಕೆ ಮರುಪರಿಶೀಲನೆ ಎಂದು ಗೌರವದ ಹೆಸರು. ಮಸ್ಕಿಯಲ್ಲಿ ಬಸ್ಸಿಳಿದು, ಟಂಟಂ ಆಟೊ ಹತ್ತಿ, ಕಾಲುವೆಯ ಕಟ್ಟಕಡೆಯ ಊರಿಗೆ ಹೋದೆ. ಅಲ್ಲಿಂದ ಮುಂದೆ ಕಾಲುವೆ ಇಲ್ಲ. ಇದ್ದ ಕಾಲುವೆಯಲ್ಲೂ ಆ ದಿನ ಒಂದು ನಾಯಿ ಮಲಗಿತ್ತು.

ಮನೆಗಳು ಸರಿಯಾಗಿದ್ದವು, ಉತ್ತರಗಳೂ ಸರಿಯಾಗಿದ್ದವು. ಸಂತೋಷದಿಂದ ಊರ ಮುಂದಿನ ಹೋಟೆಲಿನಲ್ಲಿ ಕೂತು ಒಗ್ಗರಣೆ ಮಂಡಾಳು, ಮಿರ್ಚಿ ತರಿಸಿಕೊಂಡೆ. ಮೊದಲ ಮಿರ್ಚಿ ಬಾಯಿಗೆ ಹೋಗುವಷ್ಟರಲ್ಲಿ ಹೊರಗೆ ಮೋಟಾರ್ ಸೈಕಲ್ ನಿಂತ ಸದ್ದಾಯಿತು. ಕಟ್ಟೆಯ ಮೇಲಿದ್ದವನೊಬ್ಬ ಕೂಗಿದ:

"ಲೇ, ಮ್ಯಾಲಿನವ್ರು ಬಂದ್ರಲೇ! ಕುರ್ಚಿ ಒರಸ್ರಿ!"

ನಾನು ಧಡಕ್ಕನೆ ಎದ್ದೆ. ಮಿರ್ಚಿಯನ್ನು ತಟ್ಟೆಯ ಮರೆಗೆ ಸರಿಸಿ, ಅಂಗಿಯ ಮೇಲಿನ ಗುಂಡಿ ಹಾಕಿ, ಫೈಲು ಕಂಕುಳಲ್ಲಿಟ್ಟು ಎರಡೂ ಕೈ ಜೋಡಿಸಿದೆ. ಯಾವ ಇಲಾಖೆಯವರೇ ಆಗಲಿ, ನಮ್ಮ ಅಧ್ಯಯನದ ವಿಷಯ ಹೇಳಿ ಒಂದು ಸಂದರ್ಶನ ಗಿಟ್ಟಿಸಿಕೊಳ್ಳಬೇಕೆಂದು ಮನಸ್ಸಿನಲ್ಲೇ ಮೊದಲ ವಾಕ್ಯ ಕಟ್ಟಿಕೊಂಡೆ. ಒಳಗೆ ಬಂದವರು ತಲೆಗೆ ಟವೆಲ್ ಸುತ್ತಿದ್ದರು. ಮೊಳಕಾಲಿನ ತನಕ ಗದ್ದೆಯ ಕೆಸರು ಒಣಗಿತ್ತು. ಕೈಯಲ್ಲಿ ಬಾಳೆಹಣ್ಣಿನ ಗೊನೆ.

"ನಮಸ್ಕಾರ ಸರ್" ಎಂದೆ.

ಅವರು ಹಿಂದಕ್ಕೆ ತಿರುಗಿ, ನಾನು ಯಾರಿಗೆ ಕೈ ಮುಗಿದೆನೆಂದು ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

"ಯಾವ ಇಲಾಖೆಯವ್ರಿ ಇವ್ರು?" ಎಂದು ಹೋಟೆಲಿನವನನ್ನು ಮೆಲ್ಲಗೆ ಕೇಳಿದೆ. ಆ ಕಡೆ ಮೆಲ್ಲಗೆ ಎಂಬುದಿಲ್ಲ, ಎಲ್ಲರಿಗೂ ಕೇಳಿಸಿತು.

"ನೀರಾವರಿ ಇಲಾಖೆರಿ ಸರ!" ಎಂದ ಹೋಟೆಲಿನವ. "ಸ್ವಂತ ಇಲಾಖೆ. ಹೊಲದಾಗ ಐತಿ."

ಹೋಟೆಲು ನಕ್ಕಿತು. ಬಂದವರು ಮೇಲಿನ ಊರಿನ ರೈತರೊಬ್ಬರು. ಮಗಳನ್ನು ಈ ಊರಿಗೆ ಕೊಟ್ಟ ಬೀಗರು. ಕುರ್ಚಿಯಲ್ಲಿ ಕೂತು, "ಅಲ್ರೆಪ, ಬಂದ ಕೂಡ್ಲೆ ಸುರು ಹಚ್ಚಿದ್ರೇನು? ನಾವೇನು ನಿಮ್ಮ ನೀರು ಕಟ್ಟಿ ಹಾಕೀವೇನು?" ಎಂದರು.

"ಕಟ್ಟಿಲ್ರಿ ಬೀಗರ, ಕಾಲುವಿಗೆ ಪೈಪ್ ಹಾಕೀರಿ. ಕಟ್ಟಿದ್ರ ನಾವು ಬಿಚ್ಚತಿದ್ವಿ."

"ಮಗಳನ್ನ ಕೊಟ್ಟೀನಿ ನಿಮ್ಮೂರಿಗೆ. ನೀರು ಬ್ಯಾರೆ ಕೊಡ್ಲೇನು?"

"ಮಗಳು ಬಂದಾಳ್ರಿ, ನೀರು ಬರವಲ್ದು. ಆಕಿಗಾದ್ರೂ ಕುಡಿಯಾಕ ಕಳಸ್ರಿ!"

ಬೀಗರು ತಾವೂ ನಕ್ಕರು. ಬಾಳೆಹಣ್ಣು ಮುರಿದು ಎಲ್ಲರಿಗೂ ಒಂದೊಂದು ಕೊಟ್ಟರು. ನನಗೂ ಕೊಟ್ಟರು. ನಾನು ಹಣ್ಣು ಹಿಡಿದುಕೊಂಡು ಹಾಗೇ ಕೂತೆ. ಈ ಊರಿನವರು ಮ್ಯಾಲಿನವ್ರು ಎಂದದ್ದು ಜೀಪಿನವರನ್ನಲ್ಲ. ಕಾಲುವೆಯಲ್ಲಿ ತಮಗಿಂತ ಮೇಲಿರುವ ಊರಿನವರನ್ನು. ನನ್ನ ಸಂಕೇತ ನಾಲ್ಕು ನನ್ನ ಎದುರಿಗೇ ಕೂತು ಮಿರ್ಚಿ ತಿನ್ನುತ್ತಿತ್ತು.

ಅಲ್ಲಿಂದ ನೇರವಾಗಿ ಪಂಚಾಯಿತಿ ಕಚೇರಿಗೆ ಹೋದೆ. ಅಧ್ಯಕ್ಷೆ ಕುರಿ ಸಾಕುವ ಮನೆತನದ ಹೆಣ್ಣುಮಗಳು. ಸಮೀಕ್ಷೆಯ ಹೊತ್ತಿನಲ್ಲಿ ಪರಿಚಯವಾಗಿದ್ದರು. "ಬರ್ರಿ ಸರ, ಕುಂದರ್ರಿ. ಏನಂತ ಬರದ್ರಿ ನಮ್ಮ ಬಗ್ಗೆ?" ಎಂದು ಕೇಳಿದರು. ವರದಿಯ ಕೊನೆಯ ಸಾಲನ್ನು ಹೇಳಿದೆ. ಆಗಲೇ ಅದು ನನ್ನ ಬಾಯಲ್ಲಿ ಅಷ್ಟು ಚೆಂದ ಕೇಳಿಸಲಿಲ್ಲ.

ಆಕೆ ನಗಲಿಲ್ಲ.

"ಸಂಘದಾಗ ಓಟು ಹೆಂಗ ಅಂತ ಕೇಳೀರೇನ್ರಿ ಯಾರನ್ನಾರ? ನೀರು ಹಾಯೋ ಎಕರೆ ಲೆಕ್ಕದಾಗ. ಮ್ಯಾಲಿನವ್ರಿಗೆ ನೀರು ಹಾಯ್ತೈತಿ, ಅವ್ರಿಗೆ ಓಟು. ನಮಗ ನೀರು ಹಾಯಂಗಿಲ್ಲ, ಅದಕ್ಕ ನಮಗ ಓಟಿಲ್ಲ. ಓಟಿಲ್ಲ, ಅದಕ್ಕ ನೀರಿಲ್ಲ. ಚಕ್ರ ಬರೋಬರಿ ಐತಿ ನೋಡ್ರಿ."

"ಈಗ ಹೇಗೆ ನಡೀತದ?"

"ಈ ಸಲ ತುದಿ ಊರಿನ ಕೆರಿ ಮೊದಲ ತುಂಬಿಸ್ರಿ ಅಂತ ಹುಕುಂ ತಂದೀನ್ರಿ. ಕುರಿ ಕಾಯ್ದಾಂಗ ಸಾಹೇಬರನ್ನ ಕಾಯ್ದೀನಿ ಕಚೇರಿ ಬಾಗಲದಾಗ. ಅವ್ರೇನು ದೇವ್ರಲ್ಲ. ಆದ್ರ ಅವ್ರು ಮ್ಯಾಲಿನ ಊರಿನ ಬೀಗರೂ ಅಲ್ಲ. ನೀವು ಒಂದು ಸಾಲು ಬರದು ಆ ಹುಕುಂ ತಗದು ಆ ಬೀಗರ ಸಂಘದ ಕೈಯಾಗ ಕೊಟ್ರ, ಈ ಬ್ಯಾಸಗಿ ಪೂರಾ ನಾವು ಟ್ಯಾಂಕರ್ ದಾರಿ ಕಾಯಬೇಕು. ಟ್ಯಾಂಕರ್ ಯಾರ್ದು ಹೇಳ್ರಿ?"

"ಯಾರ್ದು?"

"ಮ್ಯಾಲಿನವ್ರದ್ರಿ!" ಎಂದು ಈಗ ನಕ್ಕರು. ನನಗೆ ನಗಲಾಗಲಿಲ್ಲ. ಅಧಿಕಾರ ಕೆಳಗಿಳಿಯಬೇಕು ಎಂದು ನಾನು ಪಾಠ ಹೇಳಿದ್ದು ನಿಜ. ಇಳಿಯುವಾಗ ಅದು ಯಾರ ಅಂಗಳದಲ್ಲಿ ಇಳಿಯುತ್ತದೆ ಎಂಬುದು ಸಿಲಬಸ್ಸಿನಲ್ಲಿ ಇರಲಿಲ್ಲ.

ಪಂಚಾಯಿತಿಯ ಕಟ್ಟೆಯ ಮೇಲೆ ನಿಂತೇ ಬೆಂಗಳೂರಿಗೆ ಫೋನ್ ಹಚ್ಚಿದೆ. ಮುಖ್ಯಸ್ಥರು ಶಾಂತವಾಗಿ ಎಲ್ಲ ಕೇಳಿಸಿಕೊಂಡರು.

"ವರದಿ ಪ್ರಿಂಟಿಗೆ ಹೊರಟಿದೆ ಸಾರ್."

"ತಡೀರಿ."

"ಹೋಟೆಲಲ್ಲಿ ಒಬ್ಬ ಬೀಗರನ್ನ ರೇಗಿಸಿದ್ರು ಅಂತ ಇಡೀ ಕೋಷ್ಟಕ ವಾಪಸ್ ತಗೊಳೋಕಾಗುತ್ತಾ? ಅದು ತಮಾಷೆ, ಪುರಾವೆ ಅಲ್ಲ."

ಅವರು ಹೇಳಿದ್ದು ಅಕ್ಷರಶಃ ಸರಿ. ಅದೇ ಸಿಟ್ಟು ಬರುವ ಸಂಗತಿ. ಒಂದು ಊರಿನ ಒಂದು ಮಾತಿನಿಂದ ಎಲ್ಲ ಊರುಗಳ ಉತ್ತರ ತಪ್ಪೆಂದು ಹೇಳಿದರೆ, ಮೊದಲು ಮಾಡಿದ್ದ ತಪ್ಪನ್ನೇ ಇನ್ನೊಂದು ದಿಕ್ಕಿನಿಂದ ಮಾಡಿದಂತೆ. ಎರಡು ದಾರಿ ಇದ್ದವು. ವರದಿಗೆ ಒಂದು ಅಡಿಟಿಪ್ಪಣಿ ಸೇರಿಸಿ ಕೈ ತೊಳೆದುಕೊಳ್ಳಬಹುದು. ಅಡಿಟಿಪ್ಪಣಿಯನ್ನು ಯಾವ ಸಮಿತಿಯೂ ಓದಿದ ಇತಿಹಾಸವಿಲ್ಲ. ಇಲ್ಲವೇ ಸಂಕೇತ ನಾಲ್ಕನ್ನು ಪೂರ್ತಿಯಾಗಿ ಹಿಂದಕ್ಕೆ ತೆಗೆದುಕೊಂಡು, ಮ್ಯಾಲಿನವ್ರು ಎಂದ ಪ್ರತಿಯೊಬ್ಬರ ಬಾಗಿಲಿಗೂ ಮತ್ತೆ ಹೋಗಬೇಕು.

"ಮತ್ತೆ ಕೇಳ್ತೇವ್ರಿ. ಎಲ್ಲರನ್ನೂ" ಎಂದೆ.

"ಸಮಿತಿ ಸಭೆ ಮುಂದಿನ ವಾರ ಸಾರ್."

"ಅಷ್ಟರೊಳಗೆ ಕೇಳ್ತೇವೆ."

"ಸರಿ. ಆದ್ರೆ ಒಂದು ಮಾತು. ಉತ್ತರಾನ ಅವರ ಬಾಯಿಗೆ ನೀವು ಇಡಕೂಡದು. ಅಧಿಕಾರಿಗಳಾ, ಮೇಲಿನ ಊರಿನವರಾ ಅಂತ ಕೇಳಿದ್ರೆ ಜನ ನಿಮ್ಮ ಮುಖ ನೋಡಿ ಒಂದನ್ನ ಹೇಳಿಬಿಡ್ತಾರೆ. ಅದನ್ನ ನಾನು ಒಪ್ಪಲ್ಲ."

ಉಪನ್ಯಾಸಕಿಗೆ ವಿಷಯ ಹೇಳಿದಾಗ ಆಕೆ, "ನಾ ಅಂದಿದ್ನೆಲ್ರಿ, ಅಷ್ಟು ಚಂದ ಇರಬಾರದಿತ್ತಂತ" ಎಂದಷ್ಟೇ ಹೇಳಿ, ಬೆಳಗಿನ ಮೊದಲ ಬಸ್ಸಿಗೆ ಬಂದರು. ನನ್ನ ತಲೆಯಲ್ಲಿ ಒಂದು ಉಪಾಯ ಕುಣಿಯುತ್ತಿತ್ತು. ಏನನ್ನೂ ಹೇಳಿಕೊಡದೆ, "ಮ್ಯಾಲಿನವ್ರು ಎಲ್ಲಿದ್ದಾರೆ, ಕೈ ಮಾಡಿ ತೋರಿಸ್ರಿ" ಎನ್ನುವುದು. ಬೆರಳಿನ ದಿಕ್ಕನ್ನು ದಾಖಲಿಸಿಕೊಳ್ಳುವುದು. ಇಂಥ ವಿಧಾನ ನಾನು ಎಲ್ಲೂ ಓದಿರಲಿಲ್ಲ. ನನ್ನ ಹೆಸರಿನಲ್ಲೇ ಒಂದು ವಿಧಾನ ಉಳಿದೀತೇನೋ ಎಂದು ಬಸ್ಸಿನಲ್ಲಿ ಸಣ್ಣಗೆ ಬೆವರಿದೆ. ಜೇಬಿನಲ್ಲಿ ದಿಕ್ಸೂಚಿ ಕೂಡ ಇಟ್ಟುಕೊಂಡಿದ್ದೆ.

ವಿಧಾನ ಮಧ್ಯಾಹ್ನದ ಊಟದ ತನಕ ಬದುಕಿತ್ತು. ಸಂತೆಕಲ್ಲೂರಿನ ಮೊದಲ ಮನೆಯ ಅಜ್ಜಿ ಬೆರಳನ್ನು ನೆಟ್ಟಗೆ ಮೇಲಕ್ಕೆ ಎತ್ತಿದರು. ಮೇಲೆ ಮಾಳಿಗೆಯ ಜಂತಿ, ಜಂತಿಗೆ ತೂಗುಹಾಕಿದ ಬುಟ್ಟಿ, ಅದರಾಚೆ ಆಕಾಶ. ದೇವರೋ ಬುಟ್ಟಿಯೋ ತಿಳಿಯಲಿಲ್ಲ, ಕೇಳುವಂತೆಯೂ ಇಲ್ಲ. ಎರಡನೆಯ ಮನೆಯಾತನ ಎರಡು ಕೈಯಲ್ಲೂ ಕೂಸಿತ್ತು, ಗದ್ದದಿಂದ ತೋರಿಸಿದ. ಗದ್ದ ಲಿಂಗಸುಗೂರಿನಿಂದ ಹೊರಟು ಸಿಂಧನೂರಿನ ತನಕ ತಿರುಗಿತು. ತುದಿಯ ಊರಿನ ಗತಿ ಇನ್ನೂ ಕೆಟ್ಟದ್ದು ಎಂದು ಆಗ ಹೊಳೆಯಿತು: ಅಲ್ಲಿ ಕಾಲುವೆ ಬರುವ ದಿಕ್ಕೂ, ಕಚೇರಿಗಳಿರುವ ಸಿಂಧನೂರಿನ ದಿಕ್ಕೂ ಒಂದೇ. ಬೆರಳು ಯಾವ ಕಡೆ ಹೋದರೂ ಅರ್ಥ ಎರಡು. ದಿಕ್ಸೂಚಿಯನ್ನು ಸದ್ದಿಲ್ಲದೆ ಚೀಲದ ತಳಕ್ಕೆ ಹಾಕಿದೆ.

ಟಂಟಂ ಸ್ಟ್ಯಾಂಡಿನಲ್ಲಿ ಪೆಚ್ಚಾಗಿ ನಿಂತಿದ್ದೆವು. ಚಾಲಕ "ಮಸ್ಕಿ ಮಸ್ಕಿ ಮಸ್ಕಿ" ಎಂದು ಕೂಗುತ್ತಿದ್ದ. ಉಪನ್ಯಾಸಕಿ ಅವನನ್ನೇ ನೋಡುತ್ತ ನಿಂತವರು ಒಮ್ಮೆಲೆ ನನ್ನ ಕಡೆ ತಿರುಗಿದರು.

"ಸರ, ಬೆರಳು ಬಿಡ್ರಿ. ಯಾವ ಬಸ್ ಹತ್ತಬೇಕಂತ ಕೇಳೋಣ."

"ಯಾವ ಬಸ್ಸು?"

"ಮ್ಯಾಲಿನವ್ರನ್ನ ಕಾಣಬೇಕಂದ್ರ ನಾ ಯಾವ ಬಸ್ ಹತ್ತಬೇಕ್ರಿ, ಅಂತ. ಬಸ್ಸಿಗೆ ಬೋರ್ಡ್ ಇರ್ತೈತಿ. ಬೆರಳಿಗೆ ಎಲ್ಲೈತ್ರಿ?"

ನಾನು ಅಲ್ಲೇ ನಿಂತು ಜೋರಾಗಿ ನಕ್ಕೆ. ಚಾಲಕ ಕೂಗುವುದನ್ನು ನಿಲ್ಲಿಸಿ ನೋಡಿದ. ಉತ್ತರವನ್ನು ಬಾಯಿಗೆ ಇಡುವುದಿಲ್ಲ, ದೇವರು, ಅಧಿಕಾರಿ, ರೈತ ಎಂಬ ಒಂದು ಶಬ್ದವೂ ಪ್ರಶ್ನೆಯಲ್ಲಿಲ್ಲ. ಆದರೂ ಉತ್ತರಕ್ಕೊಂದು ಊರು ಸಿಗುತ್ತದೆ! ವಾಪಸ್ಸು ಅಜ್ಜಿಯ ಮನೆಗೇ ಹೋದೆವು.

"ಅವ್ರನ್ನ ಕಾಣಬೇಕಂದ್ರ ಯಾವ ಬಸ್ ಹತ್ತಬೇಕಬೇ ಯವ್ವಾ?"

ಅಜ್ಜಿ ಉಪನ್ಯಾಸಕಿಯ ಮುಖವನ್ನು ಕನಿಕರದಿಂದ ನೋಡಿದರು. "ಆ ಬಸ್ ಎಲ್ಲಾರಿಗೂ ಬರ್ತೈತಿ ಮಗಳ. ಸಣ್ಣಾಕಿ ಅದಿ, ಅವಸರ ಯಾಕ?"

ದೇವರೇ. ಬುಟ್ಟಿಯಲ್ಲ. ಒಣಭೂಮಿಯಲ್ಲಿ ನೀರು ಕೊಡುವವನು ಮಳೆಯ ಒಡೆಯ. ಇದರಲ್ಲಿ ಸರ್ಕಾರದ ಮೇಲೆ ಬೇಸರವೂ ಇಲ್ಲ, ವಿಶ್ವಾಸವೂ ಇಲ್ಲ. ಆ ಅಜ್ಜಿಯ ಭಕ್ತಿಯನ್ನು ನಾವು ಅಧಿಕಾರಿಗಳ ಮೇಲಿನ ದೂರೆಂದು ಎಣಿಸಿದ್ದೆವು.

ಅಲ್ಲಿಂದ ಮುಂದೆ ನಮ್ಮ ಕಾಲು ನೆಲಕ್ಕೆ ಮುಟ್ಟಲಿಲ್ಲ. ಲಿಂಗಸುಗೂರಿನಲ್ಲಿ, ನನ್ನ ಓಣಿಯಲ್ಲೇ, ಕಿರಾಣಿ ಅಂಗಡಿಯವರು ತಕ್ಕಡಿಯಿಂದ ಕಣ್ಣೆತ್ತದೆ ಹೇಳಿದರು: "ಬಸ್ ಯಾಕ್ರಿ? ನಡಕೊಂಡು ಹೋಗ್ರಿ. ಸಾಹೇಬರು ಮೀಟಿಂಗ್‌ನ್ಯಾಗ ಅದಾರಂತ ಹೇಳ್ತಾರ, ವಾಪಸ್ ನಡಕೊಂಡು ಬರ್ರಿ." ಸದ್ಯ, ನನ್ನ ಓಣಿಯಾದರೂ ನನ್ನ ಮಾನ ಉಳಿಸಿತು.

ಸಿಂಧನೂರಿನ ಬಳಿ ಬಂಗಾಳಿ ನಿರಾಶ್ರಿತರು ನೆಲೆನಿಂತ ಆರ್.ಎಚ್. ಕ್ಯಾಂಪಿನಲ್ಲಿ ಭತ್ತ ಬೆಳೆಯುವ ಬಂಗಾಳಿ ಹಿರಿಯರೊಬ್ಬರು ಮೊದಲ ಸಲ "ಊಪರ್‌ವಾಲಾ" ಎಂದಿದ್ದರು. ನಮ್ಮವರು ನಿಷ್ಠೆಯಿಂದ ಅದನ್ನು ಮೇಲಿನವರು ಎಂದು ಅನುವಾದಿಸಿದ್ದರು. ಈಗ ಬಸ್ಸಿನ ಪ್ರಶ್ನೆ ಕೇಳಿದರೆ, "ಕೌನ್ಸಾ ಊಪರ್‌ವಾಲಾ, ಮೊದ್ಲು ಹೇಳಿ. ದೇವ್ರಾ, ಆಫೀಸರಾ? ದೋನೋ, ಇಬ್ರೂ ಫೋನ್ ಎತ್ತಲ್ಲ" ಎಂದರು. ಈ ಉತ್ತರಕ್ಕೆ ಸಂಕೇತ ಸಿಗದೆ, ಅದನ್ನು "ಇತರೆ" ಎಂಬ ಖಾನೆಗೆ ಹಾಕಿದೆವು. ರಾಜ್ಯಶಾಸ್ತ್ರದ ಒಳ್ಳೆಯ ವಿಚಾರಗಳೆಲ್ಲ ಕೊನೆಗೆ ಸೇರುವುದು ಅಲ್ಲಿಗೇ.

ಉಳಿದದ್ದು ತುದಿಯ ಊರು. ಅಲ್ಲಿಯ ಉತ್ತರವೂ "ಸಿಂಧನೂರು ಬಸ್ಸು" ಎಂದು ಬಂದರೆ ಬೀಗರ ಮಾತು ಬರೀ ತಮಾಷೆ, ಮೊದಲಿನ ವರದಿಯೇ ಸರಿ, ಅಧ್ಯಕ್ಷೆಯ ಹುಕುಂ ಹೋದಂತೆಯೇ. ಮೊದಲ ಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಹೆಂಗಸು ಮೊರ ನಿಲ್ಲಿಸಿ, "ಬಸ್ಸೆಲ್ಲಿ ಹೋಗ್ತೈತ್ರಿ ಅಲ್ಲಿಗೆ? ಕಾಲುವಿ ದಂಡಿ ಹಿಡದು ನಡೀರಿ. ಕಾಲಿಗೆ ನೀರು ಹತ್ತಿದ್ವು ಅಂದ್ರ ಮ್ಯಾಲಿನವ್ರ ಊರು ಬಂತಂತ ತಿಳೀರಿ" ಎಂದರು. ಎರಡನೆಯ ಮನೆಯಲ್ಲೂ ದಂಡೆ. ಮೂರನೆಯದರಲ್ಲೂ ದಂಡೆ. ಒಬ್ಬ ಮಾತ್ರ "ರಾಯಚೂರು ಬಸ್" ಎಂದಾಗ ಉಪನ್ಯಾಸಕಿಯ ಮುಖ ಸಣ್ಣದಾಯಿತು; ಅದನ್ನೂ ಬರೆದುಕೊಂಡೆವು. ಬೇಡದ ಉತ್ತರವನ್ನು ಬರೆದುಕೊಳ್ಳುವಾಗ ಅಕ್ಷರ ಸ್ವಲ್ಪ ಚಿಕ್ಕದಾಗುವುದನ್ನು ಗಮನಿಸಿ, ಮತ್ತೆ ದೊಡ್ಡದಾಗಿ ಬರೆದೆ.

ದಂಡೆ ಹಿಡಿದು ಮೇಲಿನ ಊರಿಗೂ ಹೋದೆವು. ಅಲ್ಲಿ ನಮ್ಮ ಬೀಗರು ಗದ್ದೆಯ ಬದುವಿನ ಮೇಲೆ ಸಿಕ್ಕರು. ನಾನು ಹೋಟೆಲಿನಲ್ಲಿ ಕೈ ಮುಗಿದದ್ದನ್ನು ನೆನಪಿಟ್ಟುಕೊಂಡು, "ಏನ್ರಿ ಸರ, ಇಲಾಖೆಗೆ ಬಂದ್ರೇನು?" ಎಂದರು.

"ನೀವೇ ಮ್ಯಾಲಿನವ್ರಂತಲ್ರಿ?" ಎಂದರು ಉಪನ್ಯಾಸಕಿ.

"ಯಾರಂದ್ರವ್ವಾ? ನಾವೆಲ್ಲಿ ಮ್ಯಾಲಿನವ್ರು! ನಮ್ಮ ಕಾಲುವಿ ನೀರಿನ ಗೇಜು ನೋಡ್ರಿ, ಎಷ್ಟು ಇಳದೈತಿ. ಮ್ಯಾಲಿನವ್ರು ಇನ್ನೂ ಮ್ಯಾಲದಾರ. ಹಂಗ ದಂಡಿ ಹಿಡದು ಹೋಗ್ರಿ."

ಇದನ್ನು ಕೇಳಿ ನಾನು ಬದುವಿನಿಂದ ಜಾರಿ ಗದ್ದೆಗೆ ಬಿದ್ದೆ ಎಂದು ಉಪನ್ಯಾಸಕಿ ಈಗಲೂ ಹೇಳುತ್ತಾರೆ. ಒಂದು ಕಾಲು ಮಾತ್ರ ಇಳಿದಿತ್ತು. ಆದರೆ ಖುಷಿಗೇ ಇಳಿದದ್ದು ಹೌದು. ಕಾಲುವೆಯ ಮೇಲೆ ಮ್ಯಾಲಿನವ್ರು ಎಂಬ ಊರೇ ಇಲ್ಲ! ಪ್ರತಿ ಊರಿನವರಿಗೂ ತಮ್ಮ ಮೇಲೆ ಒಬ್ಬರಿದ್ದಾರೆ. ಯಾರೂ ತಾವೇ ಮೇಲಿನವರೆಂದು ಒಪ್ಪುವುದಿಲ್ಲ. ಪುಸ್ತಕದಲ್ಲಿ ನಾವು ಅಧಿಕಾರದ ಚಿತ್ರ ಬರೆಯುವಾಗ ಸರ್ಕಾರವನ್ನು ಮೇಲೆ, ಜನರನ್ನು ಕೆಳಗೆ ಇಟ್ಟು ನಡುವೆ ಒಂದು ಬಾಣ ಎಳೆಯುತ್ತೇವೆ. ಇಲ್ಲಿ ಬಾಣ ಅಡ್ಡಡ್ಡ ಮಲಗಿ, ನೀರಿನ ಇಳಿಜಾರಿಗೆ ಹರಿಯುತ್ತಿತ್ತು.

ಎಲ್ಲ ಉತ್ತರಗಳನ್ನು ಉಪನ್ಯಾಸಕಿ ಒಮ್ಮೆ, ನಾನು ಒಮ್ಮೆ, ಒಬ್ಬರದನ್ನೊಬ್ಬರು ನೋಡದೆ ವಿಂಗಡಿಸಿದೆವು. ಹೊಂದದವುಗಳನ್ನು ಮುಂದಿಟ್ಟುಕೊಂಡು ಜಗಳವಾಡಿದೆವು. ಹೆಚ್ಚಿನ ಜಗಳಗಳಲ್ಲಿ ಆಕೆ ಗೆದ್ದರು. ಸಂಕೇತ ನಾಲ್ಕು ಒಡೆದು ಮೂರಾಯಿತು: ದೇವರು, ಕಚೇರಿ, ಕಾಲುವೆಯ ಮೇಲಿನ ಊರು. ತುದಿಯ ಊರುಗಳ ಉತ್ತರವೆಲ್ಲ ಬಹುಮಟ್ಟಿಗೆ ಮೂರನೆಯದಕ್ಕೇ ಬಂದು ಬಿತ್ತು. ಕೋಷ್ಟಕ ಕಳಿಸಿದ ಮೇಲೆ ಮುಖ್ಯಸ್ಥರ ಫೋನ್ ಬಂತು. ಅವರ ದನಿ ಅಷ್ಟು ಜೋರಾಗಿ ನಾನು ಎಂದೂ ಕೇಳಿರಲಿಲ್ಲ.

"ಸಾರ್, ಗುಡ್ಡಾನೇ ಕರಗಿಹೋಯ್ತು! ಅವರು ದೂರದ ಸರ್ಕಾರದ ಮೇಲೆ ದೂರು ಹೇಳ್ತಿರಲೇ ಇಲ್ಲ. ಪಕ್ಕದೂರಿನ ಮೇಲೆ ಹೇಳ್ತಿದ್ರು. ನಾವು ಅವರ ನೀರಿನ ಕೀಲಿಕೈನ ಆ ಪಕ್ಕದೂರಿಗೇ ಕೊಡಿ ಅಂತ ಬರೆದಿದ್ವಿ!"

"ಪ್ರಿಂಟ್ ಆಗಿತ್ತೇನ್ರಿ?"

"ಆಗಿತ್ತು. ರದ್ದಿಗೆ ಹಾಕಿದೆ. ಹೊಸದು ಬರೆಯೋಣ."

ಹೊಸ ವರದಿಯಲ್ಲಿ ಎರಡು ಶಿಫಾರಸು. ತುದಿಯ ಊರುಗಳ ಕೆರೆ ಮೊದಲು ತುಂಬಿಸುವ ಆದೇಶವನ್ನು ಅಧಿಕಾರಿಗಳ ಕೈಯಲ್ಲೇ ಉಳಿಸಬೇಕು. ಸಂಘಕ್ಕೆ ಅಧಿಕಾರ ಕೊಡುವುದಾದರೆ, ಅದಕ್ಕೂ ಮೊದಲು ಎಕರೆ ಲೆಕ್ಕ ಬಿಟ್ಟು ಊರಿಗೊಂದು ಓಟು ಕೊಡಬೇಕು.

ಸಭೆಯಲ್ಲಿ ನಾನು ಕೋಷ್ಟಕ ವಿವರಿಸಿದೆ. ಹಿರಿಯ ಅಧಿಕಾರಿಯೊಬ್ಬರು ಪುಟ ತಿರುವಿ, "ಇದು ರಾಜ್ಯಶಾಸ್ತ್ರದ ಸಮೀಕ್ಷೆಯೋ, ಸಾರಿಗೆ ಇಲಾಖೆಯದೋ?" ಎಂದು ಕೇಳಿದರು. "ಸದ್ಯಕ್ಕೆ ಎರಡೂ ಸ್ವಾಮಿ" ಎಂದೆ. ಸಂಘದ ಕಡೆಯವರು ಎದ್ದು ನಿಂತು, "ಇದು ಊರೂರಿಗೆ ಜಗಳ ಹಚ್ಚೋ ಕೆಲಸ್ರಿ! ನಾವು ನೀರು ಕೊಡಂಗಿಲ್ಲಂತ ಯಾರಂದ್ರು?" ಎಂದರು. ಉಪನ್ಯಾಸಕಿ ಕುಳಿತಲ್ಲಿಂದಲೇ, "ಕೊಡ್ತೀರಂದ್ರ ಆದೇಶ ಇದ್ರೂ ಕೊಡ್ತೀರಿ, ಅಲ್ರಿ? ಇದ್ರ ನಿಮಗೇನು ತ್ರಾಸು?" ಎಂದು ಕೇಳಿದರು. ಅವರು ಬಾಯಿ ತೆರೆದು, ಪಕ್ಕದವರನ್ನು ನೋಡಿ, ನೀರು ಕುಡಿದು ಕೂತರು.

ಸಮಿತಿ ಮೊದಲ ಶಿಫಾರಸನ್ನು ಒಪ್ಪಿತು. ಎರಡನೆಯದನ್ನು ಪರಿಶೀಲನೆಗೆಂದು ಮುಂದಕ್ಕೆ ಹಾಕಿತು. ಕಾಲುವೆ ಬಂದ್ ಆಗುವ ಮೊದಲು ತುದಿಯ ಊರಿಗೆ ನೀರು ಬಿಡಲಾಯಿತು. ಕೆರೆ ಮುಕ್ಕಾಲು ತುಂಬಿತು.